ಅನ್ನ ಇದೆ, ಕೆಡಿಸಬೇಡಿ

ಟೋಸ್ಟ್ ಸುಟ್ಟು ಕರಕಲಾಯಿತು. ತಪ್ಪು ಟೋಸ್ಟರಿನದಲ್ಲ, ಫೋನಿನದು. ಬೆಳಿಗ್ಗೆ ಅದು ಟಿಂಗ್ ಎಂದಿತು, ಕೈಗೆತ್ತಿಕೊಂಡೆ, ನೋಡುತ್ತ ಹಾಗೇ ನಿಂತುಬಿಟ್ಟೆ. ಹೆಸರಾಂತ ನಟನೊಬ್ಬ ತನ್ನ ಜೀವವನ್ನು ತಾನೇ ಕಳೆದುಕೊಂಡನೆಂಬ ಸುದ್ದಿ. ಅದರ ಕೆಳಗೆ, ಅವನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ, ಅವನು ಬಿಟ್ಟುಹೋದ ಕೊನೆಯ ಮಾತು. ಹೊಗೆಯೆದ್ದು ಚಾವಣಿಯ ಅಲಾರಂ ಕಿರುಚಿಕೊಂಡಾಗಲೇ ನನಗೆ ಎಚ್ಚರ. ಕುರ್ಚಿ ಹತ್ತಿ, ಟವೆಲು ಬೀಸಿ ಅದಕ್ಕೆ ಗಾಳಿ ಹಾಕಿ ಸಮಾಧಾನ ಮಾಡುವ ಹೊತ್ತಿಗೆ ಸಾಕುಬೇಕಾಯಿತು. ಈ ದೇಶದಲ್ಲಿ ಒಗ್ಗರಣೆ ಹಾಕುವವರಿಗೆಲ್ಲ ಈ ಚಾಮರಸೇವೆ ಗೊತ್ತು.

ಆಮೇಲೆ ಫೋನನ್ನು ಮೇಜಿನ ಮೇಲಿಟ್ಟು ಕಾಯತೊಡಗಿದೆ. ಇಂಥ ಸುದ್ದಿ ಬಂದ ದಿನ ಇಮ್ತಿಯಾಜ್ ಫೋನ್ ಮಾಡುತ್ತಾನೆ. ಅವನು ಮಾಡದಿದ್ದರೆ ನಾನು ಮಾಡುತ್ತೇನೆ. ಹಬ್ಬಕ್ಕೆ ಮರೆತೇವು, ಹುಟ್ಟಿದ ದಿನಕ್ಕಂತೂ ಮರೆತೇ ಮರೆಯುತ್ತೇವೆ. ಇದನ್ನು ಮಾತ್ರ ಇಷ್ಟು ವರ್ಷ ಇಬ್ಬರೂ ತಪ್ಪಿಸಿಲ್ಲ. ಅವನೀಗ ನಾಟಿಂಗ್‌ಹ್ಯಾಮಿನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ತಲೆಯಲ್ಲಿ ಕೂದಲಿಲ್ಲ, ಗಡ್ಡದಲ್ಲಿ ಬೇಕಾದಷ್ಟಿದೆ, ಇಬ್ಬರು ಮಕ್ಕಳಿದ್ದಾರೆ. ಒಂದು ಕಾಲದಲ್ಲಿ ಅವನನ್ನು ನಾವು ಕಳೆದುಕೊಳ್ಳುವುದರಲ್ಲಿದ್ದೆವು. ಆದ್ದರಿಂದ ಈ ವ್ರತ. ಇವತ್ತು ಅವನ ಫೋನ್ ಬಂದಿಲ್ಲ. ನಾನು ಮಾಡಿದರೆ ರಿಂಗ್ ಆಗಿ ಆಗಿ ನಿಂತುಹೋಗುತ್ತಿದೆ.

ನನಗೋ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ. ಹಜಾರದಲ್ಲಿ, ಹಳೆ ಸಾಮಾನು ದಾನ ಪಡೆಯುವ ಚಾರಿಟಿ ಅಂಗಡಿಗೆ ಕೊಡಲೆಂದು ಕಟ್ಟಿಟ್ಟ ಚೀಲಗಳಿವೆ, ಅವನ್ನು ಬಿಚ್ಚಿ ಪುನಃ ಕಟ್ಟಿದೆ. ಈಚೆಗೆ ನನಗೆ ಮನೆ ಖಾಲಿ ಮಾಡುವ ಹುಚ್ಚು ಹಿಡಿದಿದೆ. ಸೀರೆ, ಪಾತ್ರೆ, ನಮ್ಮವರ ಕೋಟು, ಯಾವುದು ಕಣ್ಣಿಗೆ ಬಿದ್ದರೂ ಚೀಲಕ್ಕೆ. ನೀವು ಬಂದದ್ದು ಒಳ್ಳೆಯದೇ ಆಯಿತು, ಕೂತುಕೊಳ್ಳಿ. ಕಾಫಿ ಕೊಡುತ್ತೇನೆ, ತಿಂಡಿ ಮಾತ್ರ ಕೇಳಬೇಡಿ. ನಮ್ಮವರು ಹೋದಮೇಲೆ ಅಡುಗೆ ಎನ್ನುವುದನ್ನೇ ಬಿಟ್ಟುಬಿಟ್ಟಿದ್ದೇನೆ. ಒಬ್ಬಳಿಗೆ ಎಂಥ ಅನ್ನ, ಎಂಥ ಸಾರು. ಅವನ ಫೋನ್ ಬರುವವರೆಗೆ ಆ ಕಾಲದ ಕಥೆ ಹೇಳುತ್ತೇನೆ, ನನಗೂ ಹೊತ್ತು ಹೋಗಲಿ.

ಆಗ ನಾವು ಇದೇ ಶೆಫೀಲ್ಡಿನಲ್ಲಿ, ಆದರೆ ಇನ್ನೊಂದು ಮನೆಯಲ್ಲಿದ್ದೆವು. ಶೆಫೀಲ್ಡ್ ಎಂದರೆ ಏರು. ಎಲ್ಲಿಗೆ ಹೋಗಬೇಕಾದರೂ ಹತ್ತಬೇಕು, ಇಳಿದರೂ ಹತ್ತುವುದಕ್ಕೇ ಇಳಿದಂತೆ. ಒಂದಕ್ಕೊಂದು ಅಂಟಿಕೊಂಡ ಸಾಲು ಮನೆಗಳಲ್ಲಿ ನಮ್ಮದು ಏರಿನ ತುತ್ತತುದಿಯದು. ನಮ್ಮವರು ಎಂಜಿನಿಯರು, ಮಾತು ಕಮ್ಮಿ. ನಾನು ಮನೋವೈದ್ಯಳಾಗಲು ತರಬೇತಿಯಲ್ಲಿದ್ದವಳು, ಮಾತೇ ಬಂಡವಾಳ. ಮೈಸೂರಿನ ನನ್ನ ಅತ್ತೆಗೆ ಕೊನೆಯವರೆಗೂ ಈ ಕೆಲಸ ಅರ್ಥವಾಗಲಿಲ್ಲ. "ಬರೀ ಮಾತಾಡಿದ್ದಕ್ಕೆ ಸಂಬಳ ಕೊಡ್ತಾರೇನೇ? ಹಾಗಾದ್ರೆ ನಂಗೆಷ್ಟು ಕೊಡ್ಬೇಕಿತ್ತು!" ಎನ್ನುತ್ತಿದ್ದರು. ನ್ಯಾಯವಾದ ಪ್ರಶ್ನೆ.

ಅಟ್ಟದ ಕೋಣೆ ಖಾಲಿಯಿತ್ತು. ಅದಕ್ಕೆ ಬಂದವನು ಇಮ್ತಿಯಾಜ್. ವಿಜಾಪುರದ ಹುಡುಗ, ಡಾಕ್ಟರು. ಮನೆಯವರ ಜೊತೆ ಫೋನಿನಲ್ಲಿ ದಖನಿ ಉರ್ದು, ಬೆಂಗಳೂರಿನವರ ಮುಂದೆ ನಯವಾದ ಬೆಂಗಳೂರು ಕನ್ನಡ, ಮನಸ್ಸು ಬಿಚ್ಚಿದಾಗ ಮಾತ್ರ ಅಪ್ಪಟ ವಿಜಾಪುರದ ಕನ್ನಡ. ಬಂದ ದಿನವೇ ನನ್ನನ್ನು "ಅಕ್ಕಾರ" ಎಂದ. ಮೈಸೂರಿನ ನನಗೆ ಆ ಮರ್ಯಾದೆ ಕೇಳಿ ಒಂದು ಅಂಗುಲ ಬೆಳೆದಂತಾಯಿತು. ಈ ದೇಶದಲ್ಲಿ ವೈದ್ಯನಾಗಲು ಬರೆಯಬೇಕಾದ ಪರೀಕ್ಷೆಯಲ್ಲಿ ಒಂದು ಭಾಗ ನಾಟಕದ ಹಾಗಿರುತ್ತದೆ. ಒಬ್ಬರು ರೋಗಿಯ ವೇಷ ಹಾಕಿ ಕೂರುತ್ತಾರೆ, ಪರೀಕ್ಷೆಗೆ ಬಂದವನು ಅವರನ್ನು ವಿಚಾರಿಸಬೇಕು. ಅವನಿಗೆ ಅಭ್ಯಾಸ ಮಾಡಿಸಿದವಳು ನಾನೇ, ನಮ್ಮ ಅಡುಗೆಮನೆಯಲ್ಲಿ, ಹುರುಳಿಕಾಯಿ ಸೋಸುತ್ತ. ಒಂದು ದಿನ ಎದೆನೋವಿನ ಮುದುಕಿ, ಒಂದು ದಿನ ಮಗು ಕಳೆದುಕೊಂಡ ತಾಯಿ, ಒಂದು ದಿನ ಬದುಕು ಬೇಡವಾದವಳು. "ನಿಮಗೆ ಜೀವ ಕಳೆದುಕೊಳ್ಳುವ ಯೋಚನೆ ಬರುತ್ತದೆಯೇ?" ಎಂದು ಅವನು ಇಂಗ್ಲಿಷಿನಲ್ಲಿ, ತಲೆ ತುಸು ವಾಲಿಸಿ, ಕೇಳಬೇಕು. ನಾನು ಹುರುಳಿಕಾಯಿ ಕೆಳಗಿಟ್ಟು ನಿಟ್ಟುಸಿರು ಬಿಡಬೇಕು. ನಮ್ಮವರು ಬಾಗಿಲಲ್ಲಿ ನಿಂತು ನೋಡಿ, "ಇವಳಿಗೆ ಆಸ್ಕರ್ರು ಕೊಡಿಸ್ಬೇಕು" ಎಂದು ಒಳಗೆ ಹೋಗುತ್ತಿದ್ದರು.

ಪರೀಕ್ಷೆ ಪಾಸಾಯಿತು, ಕೆಲಸ ಸಿಗಲಿಲ್ಲ. ಆ ಕಾಲದಲ್ಲಿ ನಿಯಮಗಳು ಬದಲಾದವು. ಹೊರದೇಶದಿಂದ ಬಂದ ಡಾಕ್ಟರುಗಳು ಸಾಲಿನ ಕೊನೆಗೆ ಬಿದ್ದರು. ಅವನಂಥವರು ಎಷ್ಟೋ ಮಂದಿ ಊರೂರಿನ ಅಟ್ಟಗಳಲ್ಲಿ ಕೂತು ಅರ್ಜಿ ಹಾಕುತ್ತಿದ್ದರು. ಅವನ ಅಪ್ಪ ವಿಜಾಪುರದಿಂದ ಪ್ರತಿ ಶುಕ್ರವಾರ ನಮಾಜು ಮುಗಿಸಿ ಫೋನ್ ಮಾಡುತ್ತಿದ್ದರು. ಇವನು ಮೆಟ್ಟಿಲ ಮೇಲೆ ಕೂತು, ಆಗುತ್ತದೆ ಅಬ್ಬಾ, ಆಗುತ್ತದೆ ಎಂದು ದಖನಿಯಲ್ಲಿ ಹೇಳುವುದು ನನಗೆ ಕೆಳಗೆ ಕೇಳುತ್ತಿತ್ತು. ಫೋನಿಟ್ಟ ಮೇಲೂ ಎಷ್ಟೋ ಹೊತ್ತು ಅಲ್ಲೇ ಕೂತಿರುತ್ತಿದ್ದ.

ಈಗ ಒಂದು ಆಟದ ವಿಷಯಕ್ಕೆ ಬರುತ್ತೇನೆ. ಭಾನುವಾರ ನಮ್ಮ ಮನೆಯಲ್ಲಿ ಕನ್ನಡದವರು ಸೇರುತ್ತಿದ್ದರು. ಹಡರ್ಸ್‌ಫೀಲ್ಡಿನಿಂದ ರಾಮಮೂರ್ತಿ, ಅವರ ಹೆಂಡತಿ, ಮಗಳು, ಊರಿನವರು ಇನ್ನೊಂದಿಬ್ಬರು. ಎಲ್ಲರೂ ಒಂದೊಂದು ಪಾತ್ರೆ ಹೊತ್ತು ಬರುವುದು, ಉಂಡು ಅಂತ್ಯಾಕ್ಷರಿ ಆಡುವುದು, ರಾಮಮೂರ್ತಿಗಳು ಶ್ರುತಿ ತಪ್ಪಿ ಹಾಡುವುದು. ಮೂರ್ತಿಗಳ ಹಾಡು ಶುರುವಾದರೆ ಪಕ್ಕದ ಮನೆಯ ನಾಯಿ ಗೋಡೆಯಾಚೆಯಿಂದ ಜೊತೆಗೂಡುತ್ತಿತ್ತು. ಅದರಿಂದ ಪಾರಾಗಲಿಕ್ಕೆಂದೇ ಇರಬೇಕು, ಇಮ್ತಿಯಾಜ್ ಒಂದು ಹೊಸ ಆಟ ಹೂಡಿದ.

ಬಸ್ಸಿನ ಸೀಟಿನ ಮೇಲೆ ಯಾರೋ ಓದಿ ಬಿಟ್ಟುಹೋದ ಪತ್ರಿಕೆಗಳನ್ನು ಹೆಕ್ಕಿ ಓದುವ ಚಟ ಅವನಿಗೆ. ಅವುಗಳಲ್ಲಿ ಸಿನಿಮಾದವರು, ಹಾಡುವವರು, ಟೀವಿಯವರು ಸತ್ತ ಸುದ್ದಿಗೆ ಬರವಿಲ್ಲ. ತಾವಾಗಿಯೇ ಹೋದವರಾದರೆ ಎರಡು ಪುಟ, ನಡುವೆ ಒಂದು ಚೌಕದಲ್ಲಿ ಅವರ ಕೊನೆಯ ಮಾತು. ಇಮ್ತಿಯಾಜ್‌ಗೆ ಅವೆಲ್ಲ ಬಾಯಿಪಾಠ. ಎದ್ದು ನಿಂತು, ಧ್ವನಿ ಬದಲಿಸಿ, ಒಂದು ಸಾಲು ಹೇಳುತ್ತಿದ್ದ. ನಟನೋ ಗಾಯಕಿಯೋ, ಈ ಕಾಲದವರೋ ಹಳಬರೋ, ಯಾರಂದದ್ದೆಂದು ನಾವು ಊಹಿಸಬೇಕು. ಕೇಳಿದರೆ ನಿಮಗೆ ಮುಖ ಕಿವುಚಿಕೊಳ್ಳುವ ಹಾಗಾಗಬಹುದು. ನಮಗೂ ಮೊದಲ ಸಲ ಹಾಗೇ ಆಯಿತು. ಎರಡನೇ ಸಲ ಆಗಲಿಲ್ಲ. ಮನುಷ್ಯನ ಬುದ್ಧಿ ನೋಡಿ, ಹೊಟ್ಟೆ ತುಂಬಿದ ಮೇಲೆ ಯಾವುದನ್ನಾದರೂ ಆಟ ಮಾಡಿಕೊಳ್ಳುತ್ತದೆ.

"ಇದೆಂಥ ಹುಚ್ಚೋ ನಿಂದು?" ಎಂದು ಒಮ್ಮೆ ಬೈದೆ.

"ಹುಚ್ಚಲ್ರಿ ಅಕ್ಕಾರ. ಅವ್ರು ಹೋಗೂಮುಂದ ಒಂದ್ ಸಾಲ್ ಬರದ್ರ ಊರೆಲ್ಲಾ ಓದ್ತೈತಿ. ನನ್ನ ಅರ್ಜಿದಾಗಿನ ಮೊದಲನೇ ಸಾಲೂ ಯಾರೂ ಓದಂಗಿಲ್ಲ ನೋಡ್ರಿ," ಎಂದು ನಕ್ಕ.

ನಾನೂ ನಕ್ಕೆ. ನಗುವ ಹಾಗೇ ಹೇಳಿದ್ದ.

ಆ ಸಾಲುಗಳ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಸಿಟ್ಟು. ಕೆಲಸದಲ್ಲಿ ನಾನು ದಿನಾ ನೋಡುತ್ತಿದ್ದವರು ಹಾಗೆ ಮಾತಾಡುತ್ತಿರಲಿಲ್ಲ. ಬದುಕು ಸಾಕೆನಿಸಿದವರು ಕವಿತೆ ಹೇಳುವುದಿಲ್ಲ ಸ್ವಾಮಿ. ಬೆಕ್ಕಿಗೆ ಹಾಲು ಯಾರು ಹಾಕುತ್ತಾರೆ ಎನ್ನುತ್ತಾರೆ, ಲೈಬ್ರರಿ ಪುಸ್ತಕ ವಾಪಸು ಮಾಡಬೇಕಿತ್ತು ಎನ್ನುತ್ತಾರೆ, ಕಸದ ಬಿನ್ನು ಹೊರಗಿಡುವ ದಿನ ಯಾವುದೆಂದು ಕೇಳುತ್ತಾರೆ. ಆ ನಟರೂ ಗಾಯಕಿಯರೂ ಬೆಕ್ಕಿನ ಹಾಲಿನ ವಿಷಯ ಹೇಳಿಯೇ ಇರುತ್ತಾರೆ. ಪತ್ರಿಕೆಯವರು ಅದನ್ನು ಕತ್ತರಿಸಿ, ಚಂದದ್ದೊಂದನ್ನು ಆರಿಸಿ ಚೌಕದಲ್ಲಿ ಕೂರಿಸುತ್ತಾರೆ. ಕಾಯಿಲೆ ಆಡಿಸಿದ ಮಾತಿಗೆ ಕಟ್ಟು ಹಾಕಿ ಗೋಡೆಗೆ ತೂಗುಹಾಕುವ ಕೆಲಸ ಅದು. ಮನುಷ್ಯ ಬದುಕಿಡೀ ಆಡಿದ ಮಾತೆಲ್ಲ ಎಲ್ಲಿ ಹೋಯಿತು? ಹಾಗೆಂದು ಆಟದಲ್ಲಿ ಗೆಲ್ಲುವುದನ್ನೇನೂ ನಾನು ಬಿಡುತ್ತಿರಲಿಲ್ಲ.

ಅಂಥ ಒಂದು ಭಾನುವಾರ. ಬಿಸಿಬೇಳೆಬಾತು ಮಾಡಿದ್ದೆ, ಮೊಸರನ್ನಕ್ಕೆಂದು ಇಮ್ತಿಯಾಜ್ ಅನ್ನ ಇಟ್ಟಿದ್ದ. ನಮ್ಮ ಮನೆಯ ಅನ್ನದ ಕುಕ್ಕರು ಅವನ ಕಾರುಬಾರಿನಲ್ಲಿತ್ತು. ನೀರು ಎಷ್ಟೆಂದು ಬೆರಳು ಅದ್ದಿ ನೋಡುತ್ತಿದ್ದ, ಒಮ್ಮೆಯೂ ಮುದ್ದೆಯಾಗಿಸಿದವನಲ್ಲ. ಅವತ್ತು ಬಹಳ ಲವಲವಿಕೆಯಿಂದಿದ್ದ. ತನ್ನ ದಪ್ಪ ವೈದ್ಯಕೀಯ ಪುಸ್ತಕವನ್ನು ಮೂರ್ತಿಗಳ ಮಗಳಿಗೆ, "ನೀನೂ ಡಾಕ್ಟರ್ ಆಗ್ಬೇಕು ಅಂತಿದ್ಯಲ್ಲ, ಇಟ್ಕೊ" ಎಂದು ಕೊಟ್ಟುಬಿಟ್ಟ. ಆ ಹುಡುಗಿ ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಎಂದಳು. ಆಮೇಲೆ ಆಟ. ಅವನು ಎದ್ದು ನಿಂತ, ಧ್ವನಿ ಬದಲಿಸಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದ ಆ ಮಾತನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: ಯಾರ ಮೇಲೂ ಸಿಟ್ಟಿಲ್ಲ. ಅನ್ನ ಇದೆ, ಕೆಡಿಸಬೇಡಿ.

"ಹಾಡೋನಾ?" ಎಂದರು ಮೂರ್ತಿಗಳ ಹೆಂಡತಿ.

"ಅಲ್ಲ."

"ಅನ್ನ ಅಂದ್ಮೇಲೆ ಇಂಗ್ಲಿಷಿನೋನಲ್ಲ ಬಿಡ್ರಿ," ರಾಮಮೂರ್ತಿಗಳು ತೊಡೆ ತಟ್ಟಿದರು. "ಜಪಾನಿನ ನಟ! ಯಾರೋ ಜಪಾನಿನವನೇ ಇರ್ಬೇಕು. ಹೌದಾ ಇಲ್ವಾ?"

ಎಲ್ಲರೂ ಘೊಳ್ಳೆಂದು ನಕ್ಕೆವು. ಚೀನಾದವನು, ಥಾಯ್‌ಲ್ಯಾಂಡಿನವಳು ಎಂದು ಏಷ್ಯಾ ಖಂಡವನ್ನೆಲ್ಲ ಸುತ್ತಿ ಬಂದೆವು. ಬೇರೆ ದಿನ ನಾವು ಸೋತರೆ ಕುಣಿದಾಡುತ್ತಿದ್ದವನು ಅವತ್ತು, "ಇರ್ಲಿ ಬಿಡಿ, ಗೊತ್ತಾಗುತ್ತೆ" ಎಂದು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದ. ಪಾತ್ರೆಗಳನ್ನೆಲ್ಲ ಅವನೇ ತೊಳೆದ. ನಮ್ಮ ಭಾಗ್ಯ ಎಂದುಕೊಂಡೆ.

ಸೋಮವಾರ ಮಧ್ಯಾಹ್ನಕ್ಕೆ ಮೊದಲು ವಾರ್ಡಿನಲ್ಲಿ ಒಬ್ಬ ಮುದುಕನನ್ನು ವಿಚಾರಿಸುತ್ತಿದ್ದೆ. ಉಕ್ಕಿನ ಕಾರ್ಖಾನೆಯಲ್ಲಿ ದುಡಿದ ದೊಡ್ಡ ಕೈಗಳ ಮನುಷ್ಯ, ಹಿಂದಿನ ದಿನ ಸಾವಿನ ಅಂಚಿನಿಂದ ವಾಪಸು ಬಂದವನು. ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದ ಧಾಟಿಯಲ್ಲಿ ಕೇಳಿದೆ. ಅವನು ಸಾವಿನ ವಿಷಯವನ್ನೇ ಎತ್ತಲಿಲ್ಲ. ಫ್ರಿಜ್ಜಿನಲ್ಲಿ ಅರ್ಧ ಮಾಂಸದ ಕಡುಬು ಉಳಿದಿತ್ತು, ಪಕ್ಕದ ಮನೆಯಾಕೆಗೆ ತೆಗೆದುಕೊಳ್ಳಲು ಹೇಳಿಟ್ಟಿದ್ದೆ, ಹಾಳಾಗಬಾರದಲ್ಲ ಎಂದ.

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಅನ್ನ ಇದೆ, ಕೆಡಿಸಬೇಡಿ. ಯಾವ ಪತ್ರಿಕೆಯೂ ಅಂಥ ಸಾಲನ್ನು ಚೌಕದಲ್ಲಿ ಕೂರಿಸುವುದಿಲ್ಲ. ಅದು ಯಾವ ನಟನದೂ ಅಲ್ಲ. ಬೆರಳದ್ದಿ ನೀರು ನೋಡಿ ಅನ್ನ ಇಟ್ಟವನದು. ಪುಸ್ತಕ ಕೊಟ್ಟುಬಿಟ್ಟದ್ದು, ಪಾತ್ರೆಯೆಲ್ಲ ತೊಳೆದಿಟ್ಟದ್ದು ಒಂದರ ಹಿಂದೊಂದು ನೆನಪಾದವು.

ಮುದುಕನನ್ನು ನರ್ಸಮ್ಮನಿಗೆ ಒಪ್ಪಿಸಿ ಮನೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಜೊತೆಯ ಡಾಕ್ಟರಿಗೆ ತುರ್ತು ಕರೆ ಬಂದರೆ ಕೀಚೆನ್ನುವ ನನ್ನ ಬ್ಲೀಪು ಕೊಟ್ಟು, ಪಾಳಿಯ ಪಟ್ಟಿ ಹಾಳಾಗಿಹೋಗಲಿ ಎಂದು ಹೊರಬಿದ್ದೆ. ಬಸ್ಸೋ, ಆ ಏರಿನಲ್ಲಿ ಗಬ್ಬದ ಎಮ್ಮೆಯ ಹಾಗೆ ಹೆಜ್ಜೆಹೆಜ್ಜೆಗೂ ನಿಲ್ಲುತ್ತದೆ. ಒಬ್ಬಾಕೆ ತಳ್ಳುಗಾಡಿ ಇಳಿಸಿದಳು, ಒಬ್ಬ ಮುದುಕ ಚಿಲ್ಲರೆ ಹುಡುಕಿದ, ಡ್ರೈವರು ಅವನೊಂದಿಗೆ ಹವೆಯ ಕಷ್ಟಸುಖ ಮಾತಾಡಿದ. ನನಗೆ ಅವರ ಮೇಲೆಲ್ಲ ಬಂದ ಕೋಪ ಅಷ್ಟಿಷ್ಟಲ್ಲ. ಕೊನೆಗೆ ತಡೆಯಲಾರದೆ ನಡುವೆಯೇ ಇಳಿದು ಓಡತೊಡಗಿದೆ. ನನ್ನ ಮೈಕಟ್ಟಿನವಳು ಶೆಫೀಲ್ಡಿನ ಏರಿನಲ್ಲಿ ಓಡುವುದೆಂದರೆ ನೋಡುವವರಿಗೆ ಕಾಸಿಲ್ಲದ ತಮಾಷೆ.

ಬಾಗಿಲು ತೆಗೆದರೆ ಅವನು ಅಡುಗೆಮನೆಯಲ್ಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಫೋನ್ ಯಾಕೆ ಎತ್ತಲಿಲ್ಲವೆಂದರೆ ಸ್ನಾನಕ್ಕೆ ಹೋಗಿದ್ದೆ ಎಂದ. ನಾನು ಏದುಸಿರು ಬಿಡುತ್ತ ನಿಂತೆ. ಅಷ್ಟು ದೂರ ಓಡಿಬಂದು ನನ್ನ ಬಾಯಿಂದ ಹೊರಟ ಮಾತು ಯಾವುದು ಗೊತ್ತೆ? "ಊಟ ಆಯ್ತಾ?"

"ಆಯ್ತು ಅಕ್ಕಾರ," ಎಂದ.

ಚಹಾಕ್ಕಿಟ್ಟೆ. ಹವೆ ಮಾತಾಡಿದೆ, ಬಸ್ಸು ಬೈದೆ. ಕೊನೆಗೆ ಕೂತುಕೊಂಡು, ಆ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ನನ್ನನ್ನು ನೋಡಿದ. ಆಮೇಲೆ ಇಂಗ್ಲಿಷಿನಲ್ಲೇ, ಒಂದೂ ತಪ್ಪಿಲ್ಲದೆ, ಅಂಥ ಯೋಚನೆಯಿಲ್ಲ, ಯಾವ ಏರ್ಪಾಡೂ ಇಲ್ಲ, ನಿದ್ದೆ ಊಟ ಚೆನ್ನಾಗಿದೆ, ಬೆಂಬಲಕ್ಕೆ ಸ್ನೇಹಿತರಿದ್ದಾರೆ ಎಂದು ಒಪ್ಪಿಸಿಬಿಟ್ಟ. ಅಯ್ಯೋ ನನ್ನ ಕರ್ಮವೇ! ಹುರುಳಿಕಾಯಿ ಸೋಸುತ್ತ ಆ ಉತ್ತರಗಳನ್ನೆಲ್ಲ ಅವನಿಗೆ ಕಲಿಸಿದವಳು ನಾನೇ. ಯಾವ ಉತ್ತರ ಕೊಟ್ಟರೆ ಡಾಕ್ಟರು ತೃಪ್ತಿಯಿಂದ ಎದ್ದುಹೋಗುತ್ತಾನೆಂಬುದು ಅವನಿಗೆ ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು.

ಉಳಿದದ್ದು ಕನ್ನಡ. ಅದರಲ್ಲಿ ನಾನು ಈ ಪ್ರಶ್ನೆಯನ್ನು ಹುಟ್ಟಿದಾರಭ್ಯ ಯಾರಿಗೂ ಕೇಳಿರಲಿಲ್ಲ. ನಮ್ಮಲ್ಲಿ ಸಾವಿನ ಮಾತಿಗೇನೂ ಕೊರತೆಯಿಲ್ಲ. "ಸಾಯ್ಲಿ ಬಿಡು" ಎನ್ನುತ್ತೇವೆ, "ಸತ್ತೆನಪ್ಪಾ" ಎಂದು ಮೆಟ್ಟಿಲು ಹತ್ತುತ್ತೇವೆ, ಮಕ್ಕಳಿಗೆ "ಪ್ರಾಣ ತಿನ್ಬೇಡ" ಎನ್ನುತ್ತೇವೆ. ಆದರೆ ನಿಜವಾಗಿ ಕೇಳುವುದು? ಚಿಕ್ಕಂದಿನಲ್ಲಿ ಒಮ್ಮೆ ಲೆಕ್ಕ ಬಾರದೆ, ನಾನು ಸತ್ತುಹೋಗ್ತೀನಿ ಎಂದಿದ್ದೆ. ಅಮ್ಮ ಕೈಲಿದ್ದ ಸೌಟು ಬಿಟ್ಟು ಓಡಿಬಂದು ಬಾಯಿಯ ಮೇಲೆ ಕೊಟ್ಟಳು. "ಬಿಡ್ತು ಅನ್ನು! ಅಸ್ತು ದೇವತೆಗಳು ಮೇಲೆ ಓಡಾಡ್ತಿರ್ತಾರೆ, ಅಸ್ತು ಅಂದುಬಿಟ್ರೆ ಏನೇ ಮಾಡ್ತೀಯ?" ಆಮೇಲೆ ನಾನೆಷ್ಟು ಓದಿದೆ, ಎಷ್ಟು ಪರೀಕ್ಷೆ ಕಟ್ಟಿದೆ, ಕೇಳಿದರೆ ಕೇಡಾಗುವುದಿಲ್ಲ, ಕೇಳದಿದ್ದರೇ ಅಪಾಯ ಎಂದು ಹೊಸಬರಿಗೆ ಪಾಠ ಹೇಳಿದೆ. ಅದೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅಸ್ತು ದೇವತೆಗಳು ಇನ್ನೂ ನನ್ನ ತಲೆಯ ಮೇಲೆ ಓಡಾಡುತ್ತಿದ್ದರು.

ಅವನು ಅಂಗಿ ಮಡಿಸತೊಡಗಿದ. ಮಡಿಸಿಯಾದರೆ ಮೇಲೆ ಹೋಗುತ್ತಾನೆ ಎನ್ನಿಸಿತು.

"ಇಮ್ತಿಯಾಜ್, ಸಾಯ್ಬೇಕು ಅನ್ನಿಸ್ತಿದೆಯೇನೋ ನಿಂಗೆ?" ಎಂದೆ. ಅಂದದ್ದೇ ತಡ, ನಾಲಿಗೆ ತಾನಾಗಿಯೇ, "ಬಿಡ್ತು, ಬಿಡ್ತು" ಎಂದುಬಿಟ್ಟಿತು.

ಅವನಿಗೆ ನಗು ಬಂತು. "ನೀವ ಕೇಳಿ ನೀವ ಬಿಡ್ತು ಅಂದ್ರ ನಾ ಏನಂತ ಹೇಳ್ಲಿ ಅಕ್ಕಾರ?" ಎಂದು ನಕ್ಕವನು ನಗುತ್ತಲೇ ಅಳತೊಡಗಿದ. ಅಂಗಿಯನ್ನು ಮುಖಕ್ಕೆ ಒತ್ತಿಕೊಂಡ. ಇಸ್ತ್ರಿ ಮಾಡಿದ್ದು ವ್ಯರ್ಥವಾಯಿತು.

ನಾನು ಎದ್ದು ಅವನ ಪಕ್ಕ ನಿಂತೆ. "ಬಿಡ್ತು ಅನ್ನಲ್ಲ. ಹೇಳು."

"ಅನಸ್ತೈತ್ರಿ," ಎಂದ. "ಭಾಳ ದಿನಾ ಆತು. ಯಾರರ ಕೇಳ್ತಾರೇನು ಅಂತ ದಾರಿ ನೋಡಾಕತ್ತಿದ್ದೆ. ನಾನಾಗೇ ಹೇಳಾಕ ಬಾಯಿ ಬರ್ಲಿಲ್ಲ. ಅದಕ್ಕ ನಿನ್ನೆ ಆಟದಾಗ ಹೇಳಿ ನೋಡಿದೆ. ಜಪಾನಿನವ ಅಂದ್ರು ಮೂರ್ತಿಯವ್ರು."

ಏನು ಹೇಳಲಿ ನಿಮಗೆ. ನಗು, ಅಳು, ನಾಚಿಕೆ ಎಲ್ಲ ಒಟ್ಟಿಗೆ ಬಂತು. ಅವನನ್ನು ಕೂರಿಸಿ ಚಹಾ ಕೊಟ್ಟೆ, ಸಕ್ಕರೆ ಜಾಸ್ತಿ ಹಾಕಿ. ಅಬ್ಬಾಗೆ ಹೇಗೆ ಮುಖ ತೋರಿಸಲಿ ಎಂದ, ನಿಮ್ಮ ಮೇಲೆ ಭಾರವಾಗಿದ್ದೇನೆ ಎಂದ, ಬೆಳಿಗ್ಗೆ ಎದ್ದರೆ ಮೈಯೆಲ್ಲ ಸೀಸ ತುಂಬಿದಂತಿರುತ್ತದೆ ಎಂದ. ನಾನು ಬುದ್ಧಿ ಹೇಳಲಿಲ್ಲ, ಅದೊಂದು ಪುಣ್ಯದ ಕೆಲಸ ಮಾಡಿದೆ. ನಮ್ಮವರಿಗೆ ಫೋನ್ ಮಾಡಿದೆ, ಅವರು ಕಾರು ತಂದರು. ಅವತ್ತೇ ಜಿಪಿ ಹತ್ತಿರ ಮೂವರೂ ಹೋದೆವು. ಒಳಗೆ ಆ ಡಾಕ್ಟರು ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದರು. ಒಮ್ಮೆ ಕನ್ನಡದಲ್ಲಿ ಹೇಳಿದವನಿಗೆ ಈಗ ಇಂಗ್ಲಿಷಿನಲ್ಲೂ ನಿಜ ಹೇಳುವುದು ಕಷ್ಟವಾಗಲಿಲ್ಲ.

ಮಾತ್ರೆ, ವಾರವಾರವೂ ಒಬ್ಬ ನರ್ಸು, ದಿನಾ ನಮ್ಮವರ ಜೊತೆ ಏರಿಳಿತದ ವಾಕಿಂಗು. ಮಾತು ಬಾರದ ನಮ್ಮವರು ಅವನೊಡನೆ ಕ್ರಿಕೆಟ್ಟಿನಿಂದ ಹಿಡಿದು ಸೇತುವೆ ಕಟ್ಟುವುದರವರೆಗೆ ಮಾತಾಡುತ್ತಿದ್ದರಂತೆ. ನನ್ನೊಡನೆ ಮದುವೆಯಾದಾಗಿನಿಂದ ಅಷ್ಟು ಆಡಿರಲಿಲ್ಲ. ವಿಜಾಪುರದ ಅಬ್ಬಾಗೆ ವಿಷಯ ತಿಳಿಸಿದಾಗ ಅವರು ಕೇಳಿದ್ದು ಒಂದೇ: "ಹುಡುಗ ಉಣ್ತಾನಿಲ್ಲೋ?" ನೌಕರಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಚೆನ್ನಾಗಿರುವ ದಿನ ಎರಡು ಬಂದರೆ ಕೆಟ್ಟದ್ದೊಂದು ಬರುತ್ತಿತ್ತು. ಆಮೇಲೆ ಕೆಟ್ಟವು ದೂರದೂರವಾದವು. ನೌಕರಿ ಬಂದದ್ದು ಬಹಳ ತಡವಾಗಿ. ಅದಕ್ಕೆ ಮೊದಲೇ ಅವನು ಸುಧಾರಿಸಿಕೊಂಡಿದ್ದ. ಕೆಲಸ ಸಿಕ್ಕಿದ್ದರಿಂದ ಬದುಕಿದ ಎಂದು ಯಾರಾದರೂ ಹೇಳಿದರೆ ಅವನಿಗೆ ಇವತ್ತಿಗೂ ಸಿಟ್ಟು ಬರುತ್ತದೆ. "ಕಾಯಿಲೆ ಇತ್ರಿ, ಔಷಧ ತಗೊಂಡೆ," ಎನ್ನುತ್ತಾನೆ.

ಆಟ ನಿಂತಿತು. ಅದರ ಬದಲು ಈ ಫೋನಿನ ವ್ರತ ಹುಟ್ಟಿತು. ಹೆಸರುವಾಸಿಯಾದವರು ಯಾರಾದರೂ ಹೀಗೆ ಹೋದ ಸುದ್ದಿ ಬಂದ ದಿನ ಮಾತಾಡಿಕೊಳ್ಳುತ್ತೇವೆ. ಅವರು ಬಿಟ್ಟುಹೋದ ಸಾಲನ್ನು ಓದಿ ಹೇಳುವಂತಿಲ್ಲ, ಅದು ಕಟ್ಟಳೆ. ಅವರು ಏನಂದರೆಂದು ಎಲ್ಲರೂ ಬರೆಯುತ್ತಾರೆ. ಅವರನ್ನು ಯಾರಾದರೂ ಏನಾದರೂ ಕೇಳಿದ್ದರೇ ಎಂದು ಯಾರೂ ಬರೆಯುವುದಿಲ್ಲ. ನಾನು, "ಹೇಗನ್ನಿಸ್ತಿದೆಯೋ?" ಎನ್ನುತ್ತೇನೆ. ಅವನು, "ಆರಾಮ ಅದೀನ್ರಿ" ಎಂದೋ, "ಸ್ವಲ್ಪ ಮಬ್ಬೈತಿ ಇವತ್ತ" ಎಂದೋ ಹೇಳುತ್ತಾನೆ. ಕೇಳುವವಳು ನಾನು, ಹೇಳುವವನು ಅವನು. ವರ್ಷಗಳಿಂದ ಹಾಗೇ ನಡೆದುಬಂದಿದೆ.

ಇಗೋ, ಬಂತು. ಒಂದು ನಿಮಿಷ, ತಡೆಯಿರಿ.

"ಎಲ್ಲಿ ಹಾಳಾಗಿಹೋಗಿದ್ಯೋ ಬೆಳಿಗ್ಗೆಯಿಂದ?" ಎಂದು ಕೂಗಿದೆ. ಮಗನ ಫುಟ್‌ಬಾಲ್ ಪಂದ್ಯವಿತ್ತಂತೆ, ಫೋನು ಕಾರಿನಲ್ಲಿತ್ತಂತೆ, ಸುದ್ದಿ ಈಗಷ್ಟೇ ನೋಡಿದನಂತೆ. ಧ್ವನಿ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿತ್ತು. ಸುಮ್ಮನೆ ಜೀವ ತಿಂದುಕೊಂಡೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

"ಆರಾಮ ಅದೀನ್ರಿ ನಾನು. ನೀವು ಏನ್ ಮಾಡಾಕತ್ತಿದ್ರಿ?"

"ಏನಿಲ್ಲ ಕಣೋ, ಮನೆ ಖಾಲಿ ಮಾಡ್ತಿದ್ದೆ. ಚಾರಿಟಿ ಅಂಗಡಿಗೆ ಒಂದಿಷ್ಟು ಚೀಲ ಕಟ್ಟಿದೀನಿ. ಅವರ ಕೋಟು, ನನ್ನ ಸೀರೆ, ಆ ಹಳೇ ಅನ್ನದ ಕುಕ್ಕರು..."

"ಕುಕ್ಕರು?" ಎಂದ. "ಕುಕ್ಕರೂ ಕೊಡಾಕತ್ತೀರೇನ್ರಿ?"

"ಒಬ್ಬಳಿಗೆ ಯಾಕೋ ಅದು?"

ಆ ಕಡೆ ಮಕ್ಕಳು ಕೂಗಾಡುವುದು ಕೇಳಿತು, ಆಮೇಲೆ ಅವನು ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡ ಸದ್ದು.

"ಅಕ್ಕಾರ," ಎಂದ. "ಸಾಯಬೇಕು ಅನಸ್ತೈತೇನ್ರಿ ನಿಮಗ?"

ಇಲ್ಲಪ್ಪಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂಥ ಯೋಚನೆಯಿಲ್ಲ, ಏರ್ಪಾಡಿಲ್ಲ, ಸ್ನೇಹಿತರಿದ್ದಾರೆ. ನಾನೇ ಕಲಿಸಿದ ಪಾಠ.

"ಬಿಡ್ತು ಅನಬ್ಯಾಡ್ರಿ ಮತ್ತ," ಎಂದ. "ಖರೇ ಹೇಳ್ರಿ."

ನಿಮ್ಮೆದುರಿಗೇ ಹೇಳಿದೆನಲ್ಲ, ಕೇಳಿಸಿಕೊಂಡಿರಿ. ಸಾಯಬೇಕು ಅಂತಲ್ಲ ಕಣೋ, ಆದರೆ ಬೆಳಿಗ್ಗೆ ಏಳುವುದಕ್ಕೆ ಕಾರಣ ಸಿಗುತ್ತಿಲ್ಲ ಎಂದೆ. ಇವತ್ತು ಆ ನಟನ ಮಾತು ಓದಿದಾಗ ಎಷ್ಟು ಸರಿಯಾಗಿ ಹೇಳಿದ್ದಾನೆ ಎನ್ನಿಸಿತು, ಹಾಗೆನ್ನಿಸಿದ್ದಕ್ಕೇ ಹೆದರಿಕೆಯಾಯಿತು, ಟೋಸ್ಟ್ ಸುಟ್ಟಿತು ಎಂದೆ. ಬೆಳಗಿನಿಂದ ಚಡಪಡಿಸಿದ್ದು ಅವನಿಗಾಗಿ ಎಂದೇ ನಾನು ತಿಳಿದಿದ್ದೆ. ನಿಮಗೂ ಹಾಗೇ ಹೇಳಿದ್ದೆ.

"ಛಲೋ ಆತು ಹೇಳಿದ್ರಿ," ಎಂದ ಇಮ್ತಿಯಾಜ್. "ನಾ ಈಗ ಹೊಂಟೆ, ತಾಸಿನ್ಯಾಗ ಅಲ್ಲಿರ್ತೀನಿ. ಸೋಮವಾರ ನಿಮ್ ಜಿಪಿ ಕಡೆ ಇಬ್ಬರೂ ಹೋಗೂಣು. ಅಲ್ಲೀತನಕಾ ನಾ ಅಲ್ಲೇ ಇರ್ತೀನಿ. ಕುಕ್ಕರ್ ಹೊರಗ ತಗೀರಿ ಮೊದ್ಲ. ಅನ್ನಕ್ಕಿಡ್ರಿ. ನೀರು ಬೆರಳದ್ದಿ ನೋಡ್ರಿ, ಅಂದಾಜಿಗೆ ಹಾಕಬ್ಯಾಡ್ರಿ."

ಅವನು ಫೋನಿಟ್ಟ ಮೇಲೆ ಹಜಾರಕ್ಕೆ ಹೋಗಿ ಚೀಲ ಬಿಚ್ಚಿದೆ. ಕುಕ್ಕರು ನಮ್ಮವರ ಕೋಟಿನ ಕೆಳಗಿತ್ತು. ಕೋಟನ್ನೂ ತೆಗೆದು ಗೂಟಕ್ಕೆ ಹಾಕಿದೆ. ಅಕ್ಕಿ ಡಬ್ಬದ ತಳದಲ್ಲಿ ಸಾಕಷ್ಟಿದೆ, ಹುಳ ಹಿಡಿದಿಲ್ಲ. ತೊಳೆದೆ, ಬೆರಳದ್ದಿ ನೀರು ನೋಡಿದೆ, ಸ್ವಿಚ್ ಒತ್ತಿದೆ. ಅಂದಾಜಿಗೆ ಹಾಕಲಿಲ್ಲ. ಇನ್ನು ಸಾರಿಗೆ ಬೇಳೆ ಹುಡುಕಬೇಕು. ಅದೇನು, ಎದ್ದಿರಿ? ಕೂತುಕೊಳ್ಳಿ, ಅವನು ಬರಲಿ. ನಿಮಗೂ ಸೇರಿಸಿಯೇ ಇಟ್ಟಿದ್ದೇನೆ. ಅನ್ನ ಇದೆ, ಕೆಡಿಸಬೇಡಿ.